ಕಿರೀಟದ ಮೇಲಿನ ಮುನಿಸು

1960ರ ದಶಕದ ಕೊನೆಯಲ್ಲಿ ಕಿರೀಟದ ಗುರುತಿನ ರೋಲೆಕ್ಸ್ ಕಂಪನಿಯ ಡೇಟೋನಾ ವಾಚು ಅಂಗಡಿಗಳಲ್ಲಿ ಖರ್ಚಾಗದೆ ಉಳಿಯುತ್ತಿತ್ತು. ಕೈಯ ಅಲುಗಾಟಕ್ಕೆ ತಾವೇ ಕೀ ತುಂಬಿಕೊಳ್ಳುವ ವಾಚುಗಳು ಮನೆಮಾತಾಗಿದ್ದ ಕಾಲವದು. ಡೇಟೋನಾಕ್ಕೆ ಮಾತ್ರ ಕೈಯಾರೆ ಕೀ ಕೊಡಬೇಕಿತ್ತು. ಅದರಲ್ಲೂ ಡಯಲ್ಲಿನ ಒಳವೃತ್ತಗಳಲ್ಲಿ ಪುಟ್ಟ ಚೌಕದ ಗುರುತುಗಳಿದ್ದ ಒಂದು ಬಗೆಯನ್ನು ಕೇಳುವವರು ತೀರಾ ಕಡಿಮೆ. ಆ ಬಗೆಯದೊಂದನ್ನು ನಟಿ ಜೊವಾನ್ ವುಡ್‌ವರ್ಡ್ ತಮ್ಮ ಪತಿ, ನಟ ಪಾಲ್ ನ್ಯೂಮನ್‌ಗೆ ಕೊಂಡು ಕೊಟ್ಟರು. ಕಾರು ರೇಸಿನ ಹುಚ್ಚು ಹತ್ತಿಸಿಕೊಂಡಿದ್ದ ಗಂಡ ಹುಷಾರಾಗಿ ಓಡಿಸಲಿ ಎಂದು ಅದರ ಬೆನ್ನಿನ ಮೇಲೆ ಎಚ್ಚರಿಕೆಯ ಮಾತು ಕೆತ್ತಿಸಿದ್ದರು. ನ್ಯೂಮನ್ ಅದನ್ನು ವರ್ಷಗಟ್ಟಲೆ ಕಟ್ಟಿ, 1984ರಲ್ಲಿ ಮಗಳ ಗೆಳೆಯನಿಗೆ ಕೊಟ್ಟುಬಿಟ್ಟರು. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ ಅದೇ ವಾಚು 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು.

ಆ ಐವತ್ತು ವರ್ಷಗಳಲ್ಲಿ ವಾಚು ಬದಲಾಗಿರಲಿಲ್ಲ. ಅದೇ ಉಕ್ಕಿನ ಕೇಸು, ವಾಲ್ಜೂ ಕಾರ್ಖಾನೆಯಿಂದ ತರಿಸಿ ತಿದ್ದಿದ ಅದೇ ಮಷಿನು. ಬದಲಾದದ್ದೆಲ್ಲ ಅದರ ಸುತ್ತ. ಆ ಬದಲಾವಣೆಯ ಒಂದೊಂದು ಮಜಲಿನಲ್ಲೂ ಯಾರೋ ಒಬ್ಬ ಸಂಗ್ರಾಹಕ ಈ ಕಂಪನಿಗೆ ಬೆನ್ನು ತಿರುಗಿಸಿದ್ದಾನೆ.

ರೋಲೆಕ್ಸ್ ಎಂದರೆ ಮೂಗು ಮುರಿಯುವವರು ಹಲವು ಬಗೆ. ದುಬಾರಿ ವಸ್ತು ಯಾವುದನ್ನೂ ಒಪ್ಪದವರನ್ನು ಇಲ್ಲಿ ಬದಿಗಿಡುತ್ತೇನೆ. ಅವರ ನಿಲುವು ಅರ್ಥವಾಗುವಂಥದ್ದೇ, ಆದರೆ ಅದಕ್ಕೂ ಗಡಿಯಾರಕ್ಕೂ ಸಂಬಂಧವಿಲ್ಲ. ನನ್ನ ಕುತೂಹಲ ಒಳಗಿನವರ ಬಗ್ಗೆ. ಹಗಲೂ ರಾತ್ರಿ ವಾಚಿನದೇ ಧ್ಯಾನದಲ್ಲಿರುವವರು, ಸ್ಪ್ರಿಂಗು ಹಲ್ಲುಚಕ್ರಗಳ ಹೆಸರು ಹಿಡಿದು ಮಾತಾಡುವವರು, ಬೇರೆ ಕಂಪನಿಗಳ ವಾಚಿಗೆ ಕಷ್ಟಪಟ್ಟು ಹಣ ಕೂಡಿಸುವವರು ಇದೊಂದು ಕಂಪನಿಯ ಹೆಸರು ಬಂದರೆ ಮುಖ ಗಂಟಿಕ್ಕುತ್ತಾರೆ. ಅವರ ಸಿಟ್ಟಿಗೆ ಕನ್ನಡದಲ್ಲಿ ಸರಿಯಾದ ಮಾತು ಮುನಿಸು. ಹಿಂದೆ ಸಲಿಗೆ ಇದ್ದವರ ನಡುವೆ ಹುಟ್ಟುವಂಥದ್ದು ಅದು. ಹಾಗಾಗಿ ಅದರಲ್ಲಿ ಎಷ್ಟು ನ್ಯಾಯವಿದೆ, ಎಷ್ಟು ಬರೀ ನೋವಿದೆ ಎಂದು ಬಿಡಿಸಿ ನೋಡಬೇಕು.

ಮೊದಲ ತಕರಾರು ಚರಿತ್ರೆಯದು. ಕಂಪನಿ ಕಟ್ಟಿದ ಹ್ಯಾನ್ಸ್ ವಿಲ್ಸ್‌ಡಾರ್ಫ್ 1881ರಲ್ಲಿ ಬವೇರಿಯಾದ ಕುಲ್ಮ್‌ಬಾಖ್ ಊರಿನಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡವರು. ಸ್ವತಃ ಗಡಿಯಾರ ಕಟ್ಟುವ ಕಸುಬುದಾರರಲ್ಲ. 1905ರಲ್ಲಿ ನೆಂಟ ಆಲ್ಫ್ರೆಡ್ ಡೇವಿಸ್ ಜೊತೆಗೂಡಿ ಲಂಡನ್ನಿನಲ್ಲಿ ವಾಚಿನ ವ್ಯಾಪಾರ ತೆರೆದರು. ಮಷಿನು ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದ ಏಗ್ಲರ್ ಕಾರ್ಖಾನೆಯಿಂದ ಬರುತ್ತಿತ್ತು. ರೋಲೆಕ್ಸ್ ಎಂಬ ಹೆಸರು ನೋಂದಣಿಯಾದದ್ದು 1908ರಲ್ಲಿ. ಮಣಿಕಟ್ಟಿಗೆ ಕಟ್ಟುವ ಗಡಿಯಾರ ಹೆಂಗಸರ ಆಭರಣವೆಂದು ಗಂಡಸರು ನಗುತ್ತಿದ್ದ ಕಾಲದಲ್ಲಿ, 1914ರಲ್ಲಿ, ಅವರ ಒಂದು ಪುಟ್ಟ ಕೈಗಡಿಯಾರ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯದಲ್ಲಿ ವಾರಗಟ್ಟಲೆ ಪರೀಕ್ಷೆ ಎದುರಿಸಿ ‘ಎ’ ದರ್ಜೆಯ ಪ್ರಮಾಣಪತ್ರ ಗೆದ್ದಿತು. ಇದು ನಿಜವಾದ ಸಾಧನೆ, ಯಾರೂ ಅಲ್ಲಗಳೆಯುವುದಿಲ್ಲ.

ಜಗಳ ಹುಟ್ಟುವುದು ಅಲ್ಲಿಂದಾಚೆಯ ಕಥೆಗಳಲ್ಲಿ. 1926ರಲ್ಲಿ ನೀರು ಹೊಗದ ‘ಆಯಿಸ್ಟರ್’ ಕೇಸು ಬಂತು. ಅದರ ಜೀವಾಳ ಕೀ ಕೊಡುವ ತಿರುಪನ್ನು ಕೇಸಿಗೆ ಸ್ಕ್ರೂ ಮಾಡಿ ಬಿಗಿಯುವ ಉಪಾಯ. ಅದನ್ನು ಕಂಡುಹಿಡಿದವರು ಪೆರ್ರೆಗೋ ಮತ್ತು ಪೆರ್ರೆ ಎಂಬ ಇಬ್ಬರು ಸ್ವಿಸ್ ಕುಶಲಿಗಳು. ಅವರಿಂದ ವಿಲ್ಸ್‌ಡಾರ್ಫ್ ಹಕ್ಕು ಕೊಂಡರು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಟೈಪಿಸ್ಟ್ ಯುವತಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದರು. ಅಷ್ಟರಲ್ಲಿ ಇನ್ನೊಬ್ಬಾಕೆ ತಾನೂ ದಾಟಿದೆ ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದದ್ದರಿಂದ ಗ್ಲೈಟ್ಸ್ ಮೇಲೂ ಅನುಮಾನದ ನೆರಳು ಬಿತ್ತು. ಅದನ್ನು ತೊಳೆದುಕೊಳ್ಳಲು ಅಕ್ಟೋಬರ್ 21ರಂದು ಅವರು ಮತ್ತೆ ನೀರಿಗಿಳಿದರು. ವಿಲ್ಸ್‌ಡಾರ್ಫ್ ಕೊಟ್ಟ ಆಯಿಸ್ಟರ್ ವಾಚು ಅವರ ಕೊರಳಿನ ದಾರದಲ್ಲಿ ತೂಗುತ್ತಿದ್ದದ್ದು ಈ ಎರಡನೆಯ ಈಜಿನಲ್ಲಿ. ಕೊರೆಯುವ ನೀರಿನಲ್ಲಿ ಹತ್ತು ಗಂಟೆ ಕಳೆದ ಮೇಲೆ, ದಡ ಇನ್ನೂ ದೂರವಿರುವಾಗಲೇ, ಅವರನ್ನು ದೋಣಿಗೆ ಎತ್ತಿಕೊಳ್ಳಬೇಕಾಯಿತು. ಗಡಿಯಾರ ಮಾತ್ರ ನಡೆಯುತ್ತಲೇ ಇತ್ತು. ತಿಂಗಳೊಪ್ಪತ್ತಿನಲ್ಲಿ ಲಂಡನ್ನಿನ ಡೇಲಿ ಮೇಲ್ ಪತ್ರಿಕೆಯ ಮುಖಪುಟದ ತುಂಬ ರೋಲೆಕ್ಸ್ ಜಾಹೀರಾತು ಹರಡಿಕೊಂಡಿತು. ಓದಿದವರ ಮನಸ್ಸಿನಲ್ಲಿ ಎರಡು ಈಜುಗಳು ಒಂದಾಗಿ ಬೆರೆತುಹೋದವು.

ಇಂಥ ಬೆರಕೆ ಇನ್ನೂ ಇವೆ. ತಾನೇ ಕೀ ತುಂಬಿಕೊಳ್ಳುವ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದವರು 1920ರ ದಶಕದಲ್ಲಿ ಜಾನ್ ಹಾರ್‌ವುಡ್ ಎಂಬ ಇಂಗ್ಲಿಷ್ ವಾಚುಗಾರ. ರೋಲೆಕ್ಸಿನ ‘ಪರ್ಪೆಚುವಲ್’ ಬಂದದ್ದು 1931ರಲ್ಲಿ. ಅದು ಹಾರ್‌ವುಡ್ ವಾಚಿಗಿಂತ ಎಷ್ಟೋ ಉತ್ತಮ, ತೂಕದ ಲೋಲಕ ಪೂರ್ತಿ ಸುತ್ತು ತಿರುಗುತ್ತಿತ್ತು. ಆದರೆ ಮೊದಲಿನದಲ್ಲ. 1953ರ ಎವರೆಸ್ಟ್ ತಂಡಕ್ಕೆ ರೋಲೆಕ್ಸ್ ವಾಚು ಕೊಟ್ಟಿತ್ತು, ಬ್ರಿಟನ್ನಿನ ಸ್ಮಿತ್ಸ್ ಕಂಪನಿಯೂ ಕೊಟ್ಟಿತ್ತು. ಶಿಖರದ ಮೇಲೆ ಹಿಲರಿ ಕಟ್ಟಿದ್ದು ಸ್ಮಿತ್ಸ್. ಆ ವಾಚು ಇಂದಿಗೂ ಲಂಡನ್ನಿನ ಗಡಿಯಾರ ಕಸುಬುದಾರರ ಸಂಗ್ರಹಾಲಯದಲ್ಲಿದೆ. ತೇನ್‌ಸಿಂಗ್ ಅವರ ಬಳಿ ಹಿಂದಿನ ವರ್ಷ ಸ್ವಿಸ್ ತಂಡದ ಜೊತೆ ಏರಿದಾಗ ಉಡುಗೊರೆಯಾಗಿ ಬಂದ ರೋಲೆಕ್ಸ್ ಇತ್ತು. ಸ್ಮಿತ್ಸ್ ಕಂಪನಿ ವಾಚು ಮಾಡುವುದನ್ನು ನಿಲ್ಲಿಸಿತು, ರೋಲೆಕ್ಸ್ ಬೆಳೆಯಿತು. ಉಳಿದು ಬೆಳೆದವರ ಕಥೆಯೇ ಜನರ ನೆನಪಿನಲ್ಲಿ ಗಟ್ಟಿಯಾಯಿತು.

ಈ ತಕರಾರಿನಲ್ಲಿ ಅರ್ಧ ಹುರುಳಿದೆ ಎಂದು ನನಗನ್ನಿಸುತ್ತದೆ. ಬೇರೆಯವರು ಕಂಡುಹಿಡಿದದ್ದನ್ನು ತಂದು, ಕೊರತೆ ನೀಗಿಸಿ, ಲಕ್ಷಾಂತರ ಜನ ನೆಚ್ಚಬಹುದಾದ ವಸ್ತುವಾಗಿ ಮಾಡುವುದು ಸಣ್ಣ ಕೆಲಸವಲ್ಲ. ಆದರೆ ಚರಿತ್ರೆಯನ್ನು ಪ್ರೀತಿಸುವ ಸಂಗ್ರಾಹಕನಿಗೆ ಪೆರ್ರೆಗೋ, ಪೆರ್ರೆ, ಹಾರ್‌ವುಡ್ ಎಂಬ ಹೆಸರುಗಳು ಮರೆಯಾದದ್ದು ಸಂಕಟ ಕೊಟ್ಟರೆ ಅದನ್ನು ಹೊಟ್ಟೆಕಿಚ್ಚು ಎನ್ನಲಾಗದು.

ಎರಡನೆಯ ನೋವು ಇದಕ್ಕಿಂತ ಆಳದ್ದು. 1950ರ ದಶಕದಲ್ಲಿ ಈ ಕಂಪನಿ ದುಡಿಯುವವರಿಗೆಂದೇ ಹಲವು ವಾಚು ಮಾಡಿತು. ಸಬ್‌ಮರೀನರ್ ಮುಳುಗುಗಾರರಿಗೆ. ಜಿಎಂಟಿ ಮಾಸ್ಟರ್ ಪ್ಯಾನ್ ಅಮೆರಿಕನ್ ವಿಮಾನಗಳ ಪೈಲಟ್ಟರಿಗೆ, ಎರಡು ದೇಶಗಳ ಸಮಯ ಒಟ್ಟಿಗೆ ಕಾಣಲೆಂದು ಅದಕ್ಕೆ ಇನ್ನೊಂದು ಮುಳ್ಳು. ಮಿಲ್‌ಗಾಸ್ ಪ್ರಯೋಗಾಲಯದ ಆಯಸ್ಕಾಂತಗಳ ನಡುವೆ ಓಡಾಡುವ ವಿಜ್ಞಾನಿಗಳಿಗೆ. ಕತ್ತಲಲ್ಲೂ ಕಾಣುವಂತೆ ಮುಳ್ಳುಗಳಿಗೆ ದಪ್ಪನೆಯ ಹೊಳೆಯುವ ಬಣ್ಣ. ಗೀರು ಬಿದ್ದರೆ ಉಜ್ಜಿ ತೆಗೆಯಬಹುದಾದ ಪ್ಲಾಸ್ಟಿಕ್ ಗಾಜು. ಸಬ್‌ಮರೀನರಿನ ಬೆಲೆ ಅಮೆರಿಕದಲ್ಲಿ ಆಗ 150 ಡಾಲರಿನ ಆಸುಪಾಸು. ಹಣದುಬ್ಬರ ಸೇರಿಸಿ ಲೆಕ್ಕ ಹಾಕಿದರೂ ಇವತ್ತಿನ ಎರಡು ಸಾವಿರ ಡಾಲರ್ ಮುಟ್ಟುವುದಿಲ್ಲ. ಒಬ್ಬ ಮೇಷ್ಟ್ರು, ಒಬ್ಬ ಎಂಜಿನಿಯರು ಆಸೆಪಟ್ಟು ಕೊಳ್ಳಬಹುದಾದ ವಸ್ತು. ಇಂದು ಅದರ ಅತಿ ಸರಳ ಮಾದರಿಯೇ ಅಲ್ಲಿ ಒಂಬತ್ತು ಸಾವಿರ ಡಾಲರಿಗೂ ಮೇಲೆ.

ಬೆಲೆಯ ಜೊತೆಗೆ ರೂಪವೂ ಮೆರುಗಿನ ಕಡೆ ವಾಲಿತು. ಬಿಸಿಲಿಗೆ ಮಾಸಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಣ್ಣಕ್ಕೆ ತಿರುಗುತ್ತಿದ್ದ, ಡಯಲಿನ ಸುತ್ತಲಿನ ಅಲ್ಯೂಮಿನಿಯಂ ಬಳೆಯ ಜಾಗಕ್ಕೆ ಎಂದೂ ಮಾಸದ ಸೆರಾಮಿಕ್ ಬಂತು. 2010ರಲ್ಲಿ ಬಂದ ಉಕ್ಕಿನ ಸಬ್‌ಮರೀನರಿನಲ್ಲಿ ಪಟ್ಟಿ ಸೇರುವ ಕಡೆಯ ಭುಜಗಳು ಅಗಲವಾದವು. ಹಳಬರ ಕಣ್ಣಿಗೆ ಅದು ಪೈಲ್ವಾನನಂತೆ ಕಂಡಿತು. 2020ರಲ್ಲಿ ಕಂಪನಿಯೇ ಭುಜವನ್ನು ಮತ್ತೆ ಸಣ್ಣದು ಮಾಡಿತು. ಕೆಲಸದ ಗುಣದಲ್ಲಿ ಹೊಸ ವಾಚು ಹಳೆಯದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು. ಆದರೂ ಹಳೆಯ ವಾಚಿನ ಮಾಸಲು ಬಳೆಯನ್ನು ಸವರುತ್ತ ಕೂತವನಿಗೆ ಹೊಸದರಲ್ಲಿ ಏನೋ ಸಿಗುವುದಿಲ್ಲ. ಮಾಸುವುದೂ ಒಂದು ಬಗೆಯ ಒಡನಾಟ. ಅಡುಗೆಮನೆಯ ಹಳೆಯ ಕಂಚಿನ ಪಾತ್ರೆ ಬಳಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಲೆ, ರೂಪದ ಜೊತೆಗೆ ವಾಚಿನ ಅರ್ಥವೂ ಬದಲಾಗಿತ್ತು. 2009ರಲ್ಲಿ ಫ್ರಾನ್ಸಿನ ಜಾಹೀರಾತು ದಿಗ್ಗಜ ಜಾಕ್ ಸೆಗೇಲಾ ಟಿವಿಯಲ್ಲಿ ಆಗಿನ ಅಧ್ಯಕ್ಷ ಸಾರ್ಕೋಜಿಯವರನ್ನು ಸಮರ್ಥಿಸುತ್ತ, ಐವತ್ತು ತುಂಬುವ ಹೊತ್ತಿಗೆ ರೋಲೆಕ್ಸ್ ಇಲ್ಲದವನ ಬಾಳು ಸೋತಂತೆಯೇ ಎಂಬ ಅರ್ಥದ ಮಾತಾಡಿದರು. ದೇಶವೆಲ್ಲ ಸಿಡಿದೆದ್ದಿತು. ಆಮೇಲೆ ಅವರೇ ಅದನ್ನು ದಡ್ಡತನವೆಂದು ಒಪ್ಪಿಕೊಂಡರು. ಆ ಮಾತು ವಾಚು ಪ್ರಿಯರಿಗೆ ಚುಚ್ಚಿದ ಬಗೆ ಬೇರೆ. ಒಂದು ಯಂತ್ರದ ಹೆಸರು ಮನುಷ್ಯನ ಯೋಗ್ಯತೆಯ ಅಳತೆಗೋಲಾದರೆ, ಅದನ್ನು ಯಂತ್ರವಾಗಿ ಪ್ರೀತಿಸುವವನಿಗೆ ಕಟ್ಟಿಕೊಳ್ಳಲು ನಾಚಿಕೆಯಾಗುತ್ತದೆ. ತಾನು ಲೋಲಕದ ನಡಿಗೆ ನೋಡಿ ಕೊಂಡದ್ದು, ಎದುರಿನವರಿಗೆ ಕಾಣುವುದು ಜಂಬ. ಮದುವೆಗೆ ಹೋದರೆ, ಕೆಲಸದ ಸಂದರ್ಶನಕ್ಕೆ ಹೋದರೆ ಅಂಗಿಯ ತೋಳು ಎಳೆದು ಮುಚ್ಚಿಕೊಳ್ಳುವವರಿದ್ದಾರೆ. ದೊಡ್ಡ ಊರುಗಳಲ್ಲಿ ಕೈಯಿಂದಲೇ ಕಿತ್ತುಕೊಳ್ಳುವ ಕಳ್ಳರ ಭಯ ಬೇರೆ. ಕಟ್ಟಿಕೊಂಡು ಓಡಾಡಲಾಗದ ವಾಚಿನ ಮೇಲೆ ಪ್ರೀತಿ ಬಹುಕಾಲ ನಿಲ್ಲುವುದು ಕಷ್ಟ.

ಇನ್ನು ಅಂಗಡಿಯ ಮಾತು. ಕಳೆದ ಹತ್ತು ವರ್ಷಗಳ ಸಿಟ್ಟಿನಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬಂದದ್ದು. ಕಂಪನಿಯ ಅಧಿಕೃತ ಮಳಿಗೆಗೆ ಹೋದರೆ ಗಾಜಿನೊಳಗೆ ವಾಚು ಇರುತ್ತದೆ, ಆದರೆ ಅದು ತೋರಿಸಲು ಮಾತ್ರ. ಕೊಳ್ಳಬೇಕೆಂದರೆ ಹೆಸರು ಬರೆಸಿ ಕಾಯಬೇಕು. ಆ ಪಟ್ಟಿ ಸರತಿಯ ಸಾಲಿನಂತೆ ನಡೆಯುವುದಿಲ್ಲ. ಯಾರಿಗೆ ಕೊಡಬೇಕೆಂಬುದು ಮಳಿಗೆಯವರ ವಿವೇಚನೆ. ಅಲ್ಲೇ ಒಡವೆಯನ್ನೋ, ಯಾರೂ ಕೇಳದ ಬೇರೆ ವಾಚನ್ನೋ ಮೊದಲು ಕೊಂಡವರಿಗೆ ಆದ್ಯತೆ ಸಿಗುತ್ತದೆ ಎಂಬ ದೂರು ಜಗತ್ತಿನ ಎಲ್ಲೆಡೆಯಿಂದ ಕೇಳಿಬಂದಿದೆ. ಹತ್ತು ವರ್ಷ ದುಡ್ಡು ಕೂಡಿಸಿದವನು ಕೌಂಟರಿನ ಮುಂದೆ ಅರ್ಜಿದಾರನಂತೆ ನಿಲ್ಲಬೇಕು. ತನ್ನ ಉದ್ಯೋಗ, ತನ್ನ ಹಳೆಯ ಖರೀದಿ, ಮಗಳ ಮದುವೆ ಎಲ್ಲ ಹೇಳಿಕೊಂಡು ತಾನು ಯೋಗ್ಯನೆಂದು ರುಜುವಾತು ಮಾಡಬೇಕು. ದುಡ್ಡು ಕೊಡುವವನೇ ದೇಹಿ ಎನ್ನಬೇಕಾದ ಈ ಸ್ಥಿತಿಯನ್ನು ಎಷ್ಟೋ ಜನ ಕ್ಷಮಿಸಿಲ್ಲ.

ನಮ್ಮ ನಾಡಿನ ಹಿರಿಯರಿಗೆ ವಾಚಿಗಾಗಿ ಕಾಯುವುದು ಹೊಸದಲ್ಲ. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದ ಮೇಲೆ ಬಹಳ ವರ್ಷ ಬೇಡಿಕೆಗೆ ತಕ್ಕಷ್ಟು ಮಾಲು ಇರಲಿಲ್ಲ, ಕಾರ್ಖಾನೆಯಲ್ಲಿ ಪರಿಚಯದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅಲ್ಲಿ ಕೊರತೆ ಇದ್ದದ್ದು ನಿಜ, ಅದು ಎಲ್ಲರಿಗೂ ಕಾಣುತ್ತಿತ್ತು. ರೋಲೆಕ್ಸ್ ವಿಷಯದಲ್ಲಿ ಸಂಗ್ರಾಹಕನ ಅನುಮಾನಕ್ಕೆ ಕಾರಣ ಬೇರೆ. ಬ್ಯಾಂಕುಗಳ ಅಂದಾಜಿನ ಪ್ರಕಾರ ಈ ಕಂಪನಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಚು ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಸ್ವತಂತ್ರ ವಾಚುಗಾರ ಫಿಲಿಪ್ ಡುಫೂರ್ ತಮ್ಮ ‘ಸಿಂಪ್ಲಿಸಿಟಿ’ ವಾಚನ್ನು ಮಾಡಿದ್ದು ಸುಮಾರು ಇನ್ನೂರು. ಅದು ಸಿಗದಿದ್ದರೆ ಯಾರಿಗೂ ಬೇಸರವಿಲ್ಲ. ಹತ್ತು ಲಕ್ಷ ಮಾಡಿದ ವಸ್ತು ಸಿಗುವುದಿಲ್ಲವೆಂದರೆ ಹೇಗೆ ಒಪ್ಪುವುದು?

ಕಂಪನಿ 2021ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಕೊರತೆ ತಮ್ಮ ತಂತ್ರವಲ್ಲ, ಗುಣಮಟ್ಟ ಇಳಿಸದೆ ಇದಕ್ಕಿಂತ ಹೆಚ್ಚು ಮಾಡಲಾಗುತ್ತಿಲ್ಲ ಎಂದಿತು. ಮರುವರ್ಷ ಬುಲ್ ಎಂಬಲ್ಲಿ ನೂರು ಕೋಟಿ ಫ್ರಾಂಕ್ ವೆಚ್ಚದ ಹೊಸ ಕಾರ್ಖಾನೆಯನ್ನು ಪ್ರಕಟಿಸಿತು. ಈ ಮಾತನ್ನು ನಾನು ನಂಬುತ್ತೇನೆ. ಕೃತಕ ಕೊರತೆಯೊಂದನ್ನೇ ಬಯಸುವವರು ಅಷ್ಟು ದೊಡ್ಡ ಕಟ್ಟಡಕ್ಕೆ ಕೈ ಹಾಕುವುದಿಲ್ಲ. ಬೇಡಿಕೆ ಕೆರಳಿದ್ದರಲ್ಲಿ ಸಟ್ಟಾ ವ್ಯಾಪಾರದ ಕೈ ದೊಡ್ಡದು. 2022ರ ಆರಂಭದಲ್ಲಿ ಉಕ್ಕಿನ ಡೇಟೋನಾ ಹೊರಗಿನ ಮಾರುಕಟ್ಟೆಯಲ್ಲಿ ಪಟ್ಟಿಯ ಬೆಲೆಯ ಎರಡೂವರೆ ಪಟ್ಟಿಗೂ ಮೇಲೆ ಹೋಗುತ್ತಿತ್ತು. ಅಂದರೆ ಮಳಿಗೆಯಲ್ಲಿ ವಾಚು ಸಿಕ್ಕವನಿಗೆ ಬಾಗಿಲು ದಾಟಿದ ಕ್ಷಣವೇ ಲಾಟರಿ. ಕಟ್ಟಿಕೊಳ್ಳುವ ಮನಸ್ಸೇ ಇಲ್ಲದವರು, ಪ್ಲಾಸ್ಟಿಕ್ ಸುಲಿಯದೆ ಪೆಟ್ಟಿಗೆಯಲ್ಲಿಟ್ಟು ಮಾರುವವರು ಸಾಲಿನಲ್ಲಿ ಮುಂದೆ ಬಂದರು. ಆ ವರ್ಷವೇ ಬೆಲೆ ಇಳಿಯತೊಡಗಿತು. ವರ್ಷದ ಕೊನೆಗೆ ಕಂಪನಿಯೇ ತನ್ನ ಹಳೆಯ ವಾಚುಗಳಿಗೆ ಪ್ರಮಾಣಪತ್ರ ಕೊಟ್ಟು ಮಳಿಗೆಗಳ ಮೂಲಕ ಮಾರುವ ವ್ಯವಸ್ಥೆ ತಂದಿತು. 2023ರಲ್ಲಿ ಬುಖರರ್ ಎಂಬ ದೊಡ್ಡ ಮಾರಾಟ ಸಂಸ್ಥೆಯನ್ನೇ ಕೊಳ್ಳುವುದಾಗಿ ಹೇಳಿತು. ಅದೇ ಡಿಸೆಂಬರಿನಲ್ಲಿ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ ರೋಲೆಕ್ಸ್ ಫ್ರಾನ್ಸ್ ಮೇಲೆ 9 ಕೋಟಿ 16 ಲಕ್ಷ ಯೂರೋ ದಂಡ ಹಾಕಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಧಿಕೃತ ಮಳಿಗೆಗಳು ಅಂತರ್ಜಾಲದಲ್ಲಿ ವಾಚು ಮಾರದಂತೆ ತಡೆದದ್ದು ತಪ್ಪು ಎಂಬುದು ಪ್ರಾಧಿಕಾರದ ತೀರ್ಮಾನ. ಕೊರತೆ ಸೃಷ್ಟಿಸುವ ಹುನ್ನಾರ ನನಗೆ ಕಾಣುವುದಿಲ್ಲ. ಮಾಡುವುದರಿಂದ ಹಿಡಿದು ಮರುಮಾರಾಟದವರೆಗೆ ಎಲ್ಲವೂ ತನ್ನ ಕೈಯಲ್ಲಿರಬೇಕೆಂಬ ಹಟ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ಕುಸುರಿಯ ಬಗ್ಗೆ ಇರುವ ಆಕ್ಷೇಪ ನನಗೆ ಅಷ್ಟು ದೊಡ್ಡದೆನಿಸುವುದಿಲ್ಲ. ಪಾಟೆಕ್ ಫಿಲಿಪ್, ಜರ್ಮನಿಯ ಲಾಂಗೆ ವಾಚುಗಳ ಮಷಿನಿನಲ್ಲಿ ಕೈಯಿಂದ ಅಂಚು ತೀಡಿ ಮೆರುಗು ಕೊಟ್ಟ ಕೆಲಸ ಕಾಣುತ್ತದೆ, ರೋಲೆಕ್ಸ್ ಬಹುಕಾಲ ಹಿಂಬದಿಯನ್ನು ಲೋಹದ ಮುಚ್ಚಳದಿಂದ ಮುಚ್ಚಿಯೇ ಇಟ್ಟಿತು ಎನ್ನುತ್ತಾರೆ. ನಿಜವೇ. ಆದರೆ ದಿನಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಂದು ಮುಂದಾಗದಂತೆ ಲಕ್ಷಗಟ್ಟಲೆ ವಾಚುಗಳನ್ನು ಹೊಂದಿಸಿ ಕಳಿಸುವುದು ಬೇರೊಂದು ಬಗೆಯ ಕೌಶಲ. ಎಲ್ಲ ಮಾದರಿಗಳೂ ಒಂದೇ ಥರ, ಹೊಸತೇನೂ ಇಲ್ಲ ಎಂಬ ದೂರಿಗೆ 2025ರ ಲ್ಯಾಂಡ್ ಡ್ವೆಲ್ಲರ್ ಉತ್ತರ ಕೊಟ್ಟಿದೆ. ಅದರ ಒಳಗೆ ಶಕ್ತಿಯನ್ನು ತುಸು ತುಸುವೇ ಬಿಡುವ ಎಸ್ಕೇಪ್‌ಮೆಂಟನ್ನೇ ಹೊಸದಾಗಿ ರೂಪಿಸಿದ್ದಾರೆ. ಸ್ವಿಸ್ ಕಾರ್ಖಾನೆಗಳು ತಲೆಮಾರುಗಳಿಂದ ಬಳಸಿದ ವ್ಯವಸ್ಥೆಯನ್ನು ಇಷ್ಟು ದೊಡ್ಡ ಕಂಪನಿ ಮುಟ್ಟಿದ್ದು ಧೈರ್ಯದ ಕೆಲಸ.

ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುವ ದೂರು ರಿಪೇರಿಯದು. ಇದರ ಬಗ್ಗೆ ಜನ ಮಾತಾಡುವುದು ಕಡಿಮೆ. ಮೆಕ್ಯಾನಿಕಲ್ ವಾಚಿನ ಒಳಗಿನ ಎಣ್ಣೆ ಕಾಲಕ್ರಮದಲ್ಲಿ ಒಣಗುತ್ತದೆ, ಹಲ್ಲುಚಕ್ರಗಳು ಒಂದನ್ನೊಂದು ಸವೆಸುತ್ತವೆ. ಏಳೆಂಟು ಹತ್ತು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಸವೆದ ಭಾಗ ಬದಲಿಸಲೇಬೇಕು. ಹಾಗೆ ಮಾಡಿದರೆ ನೂರು ವರ್ಷ ನಡೆಯುತ್ತದೆ. ಬ್ಯಾಟರಿ ವಾಚು ಬಿಟ್ಟು ಜನ ಇದನ್ನು ಕೊಳ್ಳುವುದೇ ಈ ಭರವಸೆಯಿಂದ. ಆದರೆ ಬದಲಿ ಭಾಗಗಳನ್ನು ಕಂಪನಿ ತಾನು ಒಪ್ಪಿದ ಕಾರ್ಯಾಗಾರಗಳಿಗೆ ಮಾತ್ರ ಕೊಡುತ್ತದೆ. ರೋಲೆಕ್ಸ್ ಒಂದೇ ಅಲ್ಲ, ದೊಡ್ಡ ಸ್ವಿಸ್ ಗುಂಪುಗಳೆಲ್ಲ ಈ ದಾರಿ ಹಿಡಿದಿವೆ. ಯೂರೋಪಿನ ಸ್ವತಂತ್ರ ವಾಚು ರಿಪೇರಿಗಾರರ ಒಕ್ಕೂಟ 2004ರಲ್ಲಿ ಯೂರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತು. ಆಯೋಗ 2008ರಲ್ಲಿ ತಳ್ಳಿಹಾಕಿತು. 2010ರಲ್ಲಿ ನ್ಯಾಯಾಲಯ ಆ ತೀರ್ಮಾನವನ್ನು ರದ್ದು ಮಾಡಿ ಮತ್ತೆ ನೋಡಿ ಎಂದಿತು. 2014ರಲ್ಲಿ ಆಯೋಗ ಮತ್ತೆ ತಳ್ಳಿಹಾಕಿತು, 2017ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹದಿಮೂರು ವರ್ಷ ಕಾದು ಬೀದಿಬದಿಯ ಕುಶಲಕರ್ಮಿ ಬರಿಗೈಯಲ್ಲಿ ಮನೆಗೆ ಹೋದ.

ಕಂಪನಿಯ ವಾದವೂ ಇದೆ. ತರಬೇತಿ ಇಲ್ಲದ ಕೈ ವಾಚನ್ನು ಕೆಡಿಸುತ್ತದೆ, ನಕಲಿ ಭಾಗಗಳು ಹರಿದಾಡುತ್ತವೆ, ನೀರು ಹೊಗುತ್ತದೆ. ಇವು ಸುಳ್ಳಲ್ಲ. ಆದರೆ ಹಳೆಯ ವಾಚು ಸಂಗ್ರಹಿಸುವವನ ಭಯವೂ ಸುಳ್ಳಲ್ಲ. ಹೊಳೆಯಲೆಂದು ಹಿಂದೆ ಬಳಿಯುತ್ತಿದ್ದ ರೇಡಿಯಂ, ಆಮೇಲಿನ ಟ್ರಿಟಿಯಂ ಬಣ್ಣ ವರ್ಷ ಕಳೆದಂತೆ ಕೆನೆಬಣ್ಣಕ್ಕೆ, ಜೇನುಬಣ್ಣಕ್ಕೆ ತಿರುಗುತ್ತದೆ. ಸಂಗ್ರಾಹಕನಿಗೆ ಅದೇ ವಾಚಿನ ಮುಖ. ಕಂಪನಿಯ ಸರ್ವಿಸಿಗೆ ಕೊಟ್ಟರೆ ಮಾಸಿದ ಡಯಲು, ಮುಳ್ಳು ತೆಗೆದು ಹೊಸದು ಹಾಕಿ, ಕೇಸನ್ನು ಉಜ್ಜಿ ಫಳಫಳ ಮಾಡಿ ಕಳಿಸಿದ ಉದಾಹರಣೆಗಳು ಹಳೆಯ ಸಂಗ್ರಾಹಕರ ನಡುವೆ ಬೇಕಾದಷ್ಟಿವೆ. ಕಂಪನಿಯ ದೃಷ್ಟಿಯಲ್ಲಿ ವಾಚು ಹೊಸದಾಯಿತು. ಒಡೆಯನಿಗೆ ಅಪ್ಪನ ಕೈಯಲ್ಲಿದ್ದ ವಾಚು ಹೋಗಿ ಬೇರೊಂದು ಬಂತು. ದುಡ್ಡು ಕೊಟ್ಟು ಕೊಂಡದ್ದು ಯಾರದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಚರಿತ್ರೆಯ, ಬೆಲೆಯ, ಕಾಯುವ ಸಾಲಿನ ದೂರುಗಳನ್ನು ತೂಗಿ ನೋಡಿ ಒಂದಿಷ್ಟು ಬಿಟ್ಟುಕೊಡಬಲ್ಲೆ. ಇದನ್ನು ಬಿಟ್ಟುಕೊಡಲಾರೆ.

ರಿಪೇರಿಗೆ ಇಂಥ ಬಿಗಿ ಇಲ್ಲದ ಎಚ್‌ಎಂಟಿ ಕಡೆಗೆ ಬೆಂಗಳೂರಿನ ಕೆಲವು ಸಂಗ್ರಾಹಕರು ತಿರುಗಿದ್ದಾರೆ. ಅದರಲ್ಲಿ ಊರಿನ ಅಭಿಮಾನ, ಅಗ್ಗದ ಬೆಲೆ ಎರಡೂ ಇವೆ. ಆ ಕಂಪನಿಯ ವಾಚು ವಿಭಾಗ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಹಳೆಯ ವಾಚು ಕಾರ್ಖಾನೆಗಳಿಲ್ಲ, ಹಿಂದಿನ ಮಳಿಗೆಯ ಜಾಲವಿಲ್ಲ. ಆದರೂ ಅದರ ಜನತಾ, ಪೈಲಟ್ ಮಾದರಿಯ ವಾಚುಗಳು ನಡೆಯುತ್ತಿವೆ, ಯಾಕೆಂದರೆ ಅವುಗಳ ಒಳಗುಟ್ಟು ಊರಿಗೆಲ್ಲ ಗೊತ್ತು.

ನಮ್ಮ ತಂದೆಯವರ ಜನತಾ ಒಂದು ದಿನ ನಿಂತುಹೋದಾಗ ಅವೆನ್ಯೂ ರಸ್ತೆಯ ಓಣಿಯೊಂದರಲ್ಲಿ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿಗೆ ಒಯ್ದೆ. ಹಿರಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳ ಬಿಚ್ಚಿ, ಚಿಮಟಿಗೆಯ ತುದಿಯಿಂದ ಚಕ್ರವನ್ನು ಮೆಲ್ಲಗೆ ತಟ್ಟಿ ನೋಡಿದರು. ಬ್ಯಾಲೆನ್ಸಿನ ಕಡ್ಡಿ ಮುರಿದಿದೆ ಎಂದರು. ಮೇಜಿನ ಕೆಳಗಿಂದ ಹಳೆಯ ಬಿಸ್ಕತ್ತಿನ ಡಬ್ಬಿ ಎಳೆದರು. ಅದರ ತುಂಬ ಸತ್ತ ಎಚ್‌ಎಂಟಿಗಳು, ಬಿಡಿ ಮುಳ್ಳುಗಳು, ಕಾಗದದಲ್ಲಿ ಮಡಿಸಿಟ್ಟ ಚಕ್ರಗಳು. ಬೆರಳಿನಲ್ಲಿ ಕೆದಕಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

“ಡಯಲ್ ಬದಲಿಸೋದು ಬೇಡ ಅಲ್ವಾ ಸಾರ್?” ಎಂದು ಕೇಳಿದರು. ಅದರ ಮೇಲೆ ಹನ್ನೆರಡರ ಬಳಿ ಒಂದು ಕಂದು ಕಲೆ ಇತ್ತು. ಬೇಡ ಎಂದೆ. ಅವರು ತಲೆಯಾಡಿಸಿ, ಚೀಟಿಯಲ್ಲಿ ನನ್ನ ಹೆಸರು ಬರೆದುಕೊಂಡು, ಗುರುವಾರ ಬರಲು ಹೇಳಿದರು.